ಚದರಡಿ ಲೆಕ್ಕದ ಕ್ರಾಂತಿ

ನಂಜನಗೂಡಿನಿಂದ ತಿರುಮಕೂಡಲು ನರಸೀಪುರಕ್ಕೆ ಹೋಗುವ ಬಸ್ಸಿಗೆ ಓದಲಿಕ್ಕೆಂದು ಪುಸ್ತಕ ಹಿಡಿದು ಹತ್ತುವವರನ್ನು ಕಂಡರೆ ನನಗೆ ಮರುಕ. ದಾರಿಯುದ್ದಕ್ಕೂ ಗೋಡೆಗಳಿವೆಯಲ್ಲ! ಸಿಮೆಂಟು, ಬಿತ್ತನೆ ಬೀಜ, ಬನಿಯನ್ನು, ಮೊಳೆರೋಗಕ್ಕೆ ಆಪರೇಷನ್ ಇಲ್ಲದ ಪರಿಹಾರ, ಹೋದ ಚುನಾವಣೆಯಲ್ಲಿ ಸೋತವರ ಅರ್ಧ ಅಳಿಸಿದ ಗುರುತು, ಇಷ್ಟೆಲ್ಲ ದಾಟಿದ ಮೇಲೆ ಒಂದು ಸರ್ಕಾರಿ ಶಾಲೆಯ ಕಾಂಪೌಂಡು ಬರುತ್ತದೆ. ಅಲ್ಲಿ ಸಾಲಾಗಿ ಗಾಂಧಿ, ಅಂಬೇಡ್ಕರ್, ಕುವೆಂಪು, ಸಾವಿತ್ರಿಬಾಯಿ ಫುಲೆ. ಅವರ ಪಕ್ಕದಲ್ಲಿ ಸೋಮನಾಥಪುರದ ಗುಡಿ, ಒಂದು ಹುಲಿ, ಒಂದು ಜಲಪಾತ, ಕೈ ತೊಳೆಯುವ ಕ್ರಮ. ಹುಲಿಗೆ ಸಾಮಾನ್ಯವಾಗಿ ಮನುಷ್ಯರ ಕಣ್ಣಿರುತ್ತದೆ. ಕುವೆಂಪು ಅವರ ಬೆಳ್ಳಿಗೂದಲು ಎಲ್ಲ ಊರಲ್ಲೂ ಸರಿಯಾಗಿ ಬಂದಿರುತ್ತದೆ, ಮುಖ ಮಾತ್ರ ಆಯಾ ಊರಿನದು. ಮೂಲೆಯಲ್ಲಿ ಬರೆದವರ ಹೆಸರು. ಹೆಸರಿಗಿಂತ ದಪ್ಪಕ್ಷರದಲ್ಲಿ ಮೊಬೈಲ್ ನಂಬರು.

ಈ ಗೋಡೆಗಳನ್ನು ನೋಡಿದಾಗೆಲ್ಲ ನನಗೆ ಮೆಕ್ಸಿಕೊ ಜ್ಞಾಪಕಕ್ಕೆ ಬರುತ್ತದೆ. ಆ ದೇಶವನ್ನು ನಾನು ನೋಡಿದವನಲ್ಲ, ಆದರೆ ಅದು ನಮ್ಮ ಮನೆಯೊಳಗೇ ಇದೆ. ಸಾರಿಗೆ ಹಾಕುವ ಮೆಣಸಿನಕಾಯಿ ಅಲ್ಲಿಂದ ಹೊರಟು ಬಂದದ್ದು. ಮುಸುಕಿನ ಜೋಳ ಅಲ್ಲಿಯದೇ. ಗುಂಡ್ಲುಪೇಟೆ ಕಡೆ ಹೊಲದ ತುಂಬ ಅರಳಿ, ಓಣಂ ಹೊತ್ತಿಗೆ ಕೇರಳದವರು ನಿಂತು ಫೋಟೊ ತೆಗೆಸಿಕೊಳ್ಳುವ ಚೆಂಡುಹೂವಿನ ತವರೂ ಅದೇ. ನಮ್ಮ ಬೆದ್ದಲು ಹೊಲದ ಬದುವಿನ ಪಾಪಸ್ ಕಳ್ಳಿಯಂತೂ ಮೆಕ್ಸಿಕೊದ ಬಾವುಟದ ಮೇಲೇ ಕೂತಿದೆ. ಅದರ ಮೇಲೆ ಹದ್ದು, ಹದ್ದಿನ ಬಾಯಲ್ಲಿ ಹಾವು. ಈ ಕಳ್ಳಿ ನಮ್ಮ ಕಡೆಗೆ ಬಂದದ್ದರ ಹಿಂದೆ ಬಣ್ಣದ ಕತೆಯೇ ಇದೆ. ಅದರ ಮೇಲೆ ಬದುಕುವ ಒಂದು ಹುಳವನ್ನು ಒಣಗಿಸಿ ಅರೆದರೆ ಒಳ್ಳೆಯ ಕಡುಗೆಂಪು ಸಿಗುತ್ತದೆ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಆ ಕೆಂಪಿನ ಆಸೆಗೆ ಹುಳವನ್ನೂ ಕಳ್ಳಿಯನ್ನೂ ಮದರಾಸಿನಲ್ಲಿ ಸಾಕಲು ಹೊರಟರು. ಬಣ್ಣದ ವ್ಯಾಪಾರ ಕೈಹಿಡಿಯಲಿಲ್ಲ, ಕಳ್ಳಿ ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ದಕ್ಷಿಣವನ್ನೆಲ್ಲ ಹಬ್ಬಿತು.

ಮೆಕ್ಸಿಕೊದಲ್ಲಿ 1910ರಲ್ಲಿ ಕ್ರಾಂತಿ ಶುರುವಾಯಿತು. ಹತ್ತು ವರ್ಷ ಬಡಿದಾಡಿದ ಮೇಲೆ ನೋಡಿದರೆ ದೇಶ ಉಳಿದಿತ್ತು, ಆದರೆ ಅದು ಯಾರ ದೇಶ ಎಂಬ ಪ್ರಶ್ನೆಯೂ ಉಳಿದಿತ್ತು. ಸ್ಪೇನಿನವರದೋ, ಅವರಿಗಿಂತ ಮುಂಚೆ ಇದ್ದ ಅಜ್ಟೆಕರದೋ, ಎರಡರ ಬೆರಕೆಯೋ? ಬಹುಪಾಲು ಜನಕ್ಕೆ ಓದು ಬಾರದು. 1921ರಲ್ಲಿ ಶಿಕ್ಷಣ ಮಂತ್ರಿಯಾದ ಹೊಸೆ ವಾಸ್ಕೊನ್ಸೆಲೊಸ್ ಎಂಬಾತ ಸರ್ಕಾರಿ ಕಟ್ಟಡಗಳ ಗೋಡೆಗಳನ್ನು ಚಿತ್ರಕಾರರ ಕೈಗೆ ಕೊಟ್ಟುಬಿಟ್ಟ. ಡಿಯೆಗೊ ರಿವೇರಾ, ಒರೋಜ್ಕೊ, ಸಿಕೇರೊಸ್ ಏಣಿ ಹತ್ತಿದರು. ಶಿಕ್ಷಣ ಇಲಾಖೆಯ ಕಚೇರಿಯೊಂದರಲ್ಲೇ ರಿವೇರಾ 1923ರಿಂದ 1928ರವರೆಗೆ ನೂರಕ್ಕೂ ಹೆಚ್ಚು ಚಿತ್ರ ಬರೆದ. ಕಬ್ಬು ಕಡಿಯುವವರು, ಗಣಿಯಿಂದ ಮೇಲೆ ಬರುವಾಗ ಜೇಬು ತಡಕಿಸಿಕೊಳ್ಳುವ ಕೂಲಿಗಳು, ಹಳ್ಳಿಯಲ್ಲಿ ಪಾಠ ಹೇಳುವ ಮೇಡಂ, ಸಂತೆ, ಜಾತ್ರೆ. ಕಚೇರಿಗೆ ಅರ್ಜಿ ಹಿಡಿದು ಬಂದ ರೈತ ಗೋಡೆ ನೋಡಿದರೆ ತನ್ನ ಭಾವಮೈದುನನ ಮುಖವೇ ಕಾಣಬೇಕು, ಹಾಗೆ. ಚಿತ್ರಕಾರರು ತಾವೂ ಕೂಲಿಗಳೇ ಎಂದು ಹೇಳಿ ಒಂದು ಕಾರ್ಮಿಕ ಸಂಘ ಕಟ್ಟಿಕೊಂಡರು. ನಮ್ಮ ಬೋರ್ಡ್ ಬರೆಯುವವರು ಚದರಡಿಗೆ ಇಷ್ಟು ಎಂದು ಕೂಗುವಾಗ, ಅವರು ರಿವೇರಾನ ಪಂಗಡಕ್ಕೇ ಸೇರಿದವರು ಎಂದು ಒಮ್ಮೊಮ್ಮೆ ಅನಿಸುತ್ತದೆ.

ಆ ಶಿಕ್ಷಣ ಇಲಾಖೆಯ ಗೋಡೆಯ ಮೇಲೆ ನಮ್ಮ ದೇಶದವರೊಬ್ಬರೂ ಇದ್ದಾರೆ. ವಾರ್ಧಾದ ಪಾಂಡುರಂಗ ಖಾನಖೋಜೆ. ಗದರ್ ಪಕ್ಷದಲ್ಲಿದ್ದು, ಬ್ರಿಟಿಷರ ಕೈಗೆ ಸಿಗದೆ ದೇಶದೇಶ ಅಲೆದು, ಕೊನೆಗೆ ಮೆಕ್ಸಿಕೊದ ಚಪಿಂಗೊ ಕೃಷಿ ಶಾಲೆಯಲ್ಲಿ ಮೇಷ್ಟ್ರಾಗಿ ಮುಸುಕಿನ ಜೋಳದ ತಳಿ ಸುಧಾರಿಸಿದವರು. ರಿವೇರಾ ಅವರನ್ನು ಊಟದ ಮೇಜಿನ ತಲೆಯಲ್ಲಿ ಕೂರಿಸಿ, ಎಲ್ಲರಿಗೂ ಹಂಚಲು ರೊಟ್ಟಿ ಮುರಿಯುತ್ತಿರುವಂತೆ ಬರೆದಿದ್ದಾನೆ. ಇಲ್ಲಿ ಇದ್ದಿದ್ದರೆ ಅವರ ಹೆಸರು ಯಾವುದೋ ವೃತ್ತಕ್ಕೆ ಇಟ್ಟು ಮರೆತಿರುತ್ತಿದ್ದೆವು.

ರಿವೇರಾನಿಗೆ ಮೊದಮೊದಲು ಒಂದು ಹುಚ್ಚು ಹಿಡಿದಿತ್ತು. ಹಳೆಯ ಅಜ್ಟೆಕರ ಗುಟ್ಟು ಸಿಕ್ಕಿತೆಂದು, ಬಣ್ಣಕ್ಕೆ ಅದೇ ಪಾಪಸ್ ಕಳ್ಳಿಯ ಲೋಳೆ ಬೆರೆಸಿ ಬಳಿದ. ಲೋಳೆ ಕೊಳೆತು ಗೋಡೆಯ ಮೇಲೆ ಕಲೆ ಬಿದ್ದವು. ಗಾರೆಗೆ ಬೆಲ್ಲ, ಅಳಲೆಕಾಯಿ ನೀರು ಹಾಕಿ ಅರೆಯುತ್ತಿದ್ದ ನಮ್ಮ ಹಳೇ ಕಾಲದ ಕೆಲಸದವರನ್ನು ಕೇಳಿದ್ದರೆ ಯಾವುದು ಕೊಳೆಯುತ್ತದೆ, ಯಾವುದು ಕಚ್ಚಿಕೊಳ್ಳುತ್ತದೆ ಎಂದು ಅಲ್ಲೇ ಹೇಳಿಬಿಡುತ್ತಿದ್ದರು. ರಾಷ್ಟ್ರೀಯತೆಯನ್ನು ಬಣ್ಣದ ಡಬ್ಬಿಗೇ ಸುರಿಯಬಾರದು ಎಂದು ರಿವೇರಾ ಕಲಿತದ್ದು ಆಮೇಲೆ.

ಅಲ್ಲಿ ಸರ್ಕಾರ ಕರೆದು ಗೋಡೆ ಕೊಟ್ಟಿತು. ನಮ್ಮಲ್ಲಿ ಗೋಡೆಗೊಂದು ಕಾನೂನಿದೆ: ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ, 1981. ಹೇಳದೆ ಕೇಳದೆ ಬಳಿದರೆ ವಿರೂಪ, ಟೆಂಡರು ಕರೆದು ಬಳಿದರೆ ಸಂಸ್ಕೃತಿ. ಬೆಂಗಳೂರಿನಲ್ಲಿ 2009ರ ಸುಮಾರಿಗೆ ಮಹಾನಗರ ಪಾಲಿಕೆಯವರು ಸಿನಿಮಾ ಪೋಸ್ಟರುಗಳ ಕಾಟ ತಡೆಯಲು ಗೋಡೆಗಳ ಮೇಲೆ ಹಂಪಿ, ಜೋಗ, ಯಕ್ಷಗಾನ ಬರೆಸಿದರು. ಬರೆದವರಲ್ಲಿ ಹೆಚ್ಚಿನವರು ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರಿನ ಕಲಾವಿದರೇ. ರಾಜ್‌ಕುಮಾರರ ಕಟೌಟಿಗೆ ಬಣ್ಣ ಬಳಿದ ಕೈ ಮಹಿಷಾಸುರನಿಗೆ ಬಳಿದರೆ ಏನಾಗುತ್ತದೆ ಎಂದು ನೋಡಬೇಕಾದರೆ ಆಗಿನ ಗೋಡೆಗಳನ್ನು ನೋಡಬೇಕಿತ್ತು. ರಾಕ್ಷಸನ ಕೆನ್ನೆಯಲ್ಲೂ ಒಂದು ನಾಯಕನ ಕಳೆ.

ಇಷ್ಟು ಹೇಳಿದ ಮೇಲೆ ನನ್ನದೊಂದು ಸಿದ್ಧಾಂತ ಮಂಡಿಸಿಬಿಡುತ್ತೇನೆ. ಕೈಯಿಂದ ಜಾರಿಹೋದದ್ದೇ ಗೋಡೆ ಏರುತ್ತದೆ.

ಮೊದಲ ಸಾಕ್ಷಿ ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಬ್ರಿಟಿಷರು ಅವರ ಕೈಯಿಂದ ಆಡಳಿತ ಕಿತ್ತುಕೊಂಡರು. ಅರಮನೆ ಉಳಿಯಿತು, ಬಿರುದು ಉಳಿಯಿತು, ಬೇಕಾದಷ್ಟು ಬಿಡುವೂ ಸಿಕ್ಕಿತು. ಆ ಬಿಡುವಿನಲ್ಲಿ ಅವರು ಚದುರಂಗದ ಮನೆಗಳನ್ನು ತುಂಬಿದರು, ದೇವತೆಗಳ ರೂಪಗಳನ್ನೆಲ್ಲ ಶ್ರೀತತ್ತ್ವನಿಧಿಯಲ್ಲಿ ಪಟ್ಟಿ ಮಾಡಿಸಿದರು, ಗೋಡೆಗಳ ಮೇಲೆ ತಮ್ಮ ವಂಶವನ್ನೇ ತಾವರೆಯ ದಳಗಳಲ್ಲಿ ಕೂರಿಸಿ ಸಂತಾನಾಂಬುಜ ಬರೆಸಿದರು. ನಂಜನಗೂಡಿನ ಶ್ರೀಕಂಠೇಶ್ವರ ದೇವಸ್ಥಾನದ ಒಂಬತ್ತು ಅಂತಸ್ತಿನ, ಸುಮಾರು 120 ಅಡಿಯ ಗೋಪುರ ಎದ್ದದ್ದೂ ಆ ಕಾಲದಲ್ಲೇ, 1845ರಲ್ಲಿ, ರಾಣಿ ದೇವಾಜಮ್ಮಣ್ಣಿಯವರಿಂದ. ದೇವಸ್ಥಾನದ ಒಳಗೆ ಅರವತ್ತಮೂವರು ಪುರಾತನರು ಸಾಲಾಗಿ ನಿಂತಿದ್ದಾರೆ. ದೊರೆಯೂ ರಾಣಿಯರೂ ಕೈ ಮುಗಿದುಕೊಂಡು ಅಲ್ಲೇ ಇದ್ದಾರೆ. ರಾಜ್ಯ ಆಳಲು ಬಿಡದಿದ್ದರೆ ಏನಂತೆ, ಭಕ್ತರ ಸಾಲಿನಿಂದ ಯಾವ ಕಮಿಷನರೂ ಎಬ್ಬಿಸುವಂತಿಲ್ಲ.

ಎರಡನೆಯ ಸಾಕ್ಷಿ ಮೈಸೂರು ಅರಮನೆಯ ಕಲ್ಯಾಣ ಮಂಟಪ. ಸುತ್ತಲೂ ದಸರಾ ಮೆರವಣಿಗೆಯ 26 ಚಿತ್ರಗಳು. 1934ರಿಂದ 1945ರವರೆಗೆ ಮೈಸೂರಿನ ಕಲಾವಿದರು ಫೋಟೊ ಇಟ್ಟುಕೊಂಡು ಬರೆದವು. ಆನೆ, ಕುದುರೆ, ಬ್ಯಾಂಡು, ಪೇಟ ಸುತ್ತಿದ ಅಧಿಕಾರಿಗಳು, ಒಬ್ಬೊಬ್ಬರ ಮೀಸೆಯೂ ಅವರವರದೇ. ಮೆರವಣಿಗೆಯನ್ನು ಬರೆದು ಮುಗಿಸಿ ಎರಡು ವರ್ಷಕ್ಕೆ ಮೈಸೂರು ಚಲೋ ಚಳವಳಿ ಬಂತು. 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರವೂ ಬಂತು. ಚಿತ್ರಕಾರರು ಇನ್ನೊಂದು ನಾಲ್ಕು ವರ್ಷ ನಿಧಾನ ಮಾಡಿದ್ದರೆ ಕೊನೆಯ ಆನೆಯ ಹಿಂದೆ ಗಾಂಧಿ ಟೋಪಿಯವರನ್ನೂ ಸೇರಿಸಬೇಕಾಗುತ್ತಿತ್ತು.

ಮೂರನೆಯ ಸಾಕ್ಷಿ ರಸಬಾಳೆ. ನಂಜನಗೂಡು ರಸಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ, ಪನಾಮಾ ಸೊರಗು ರೋಗವೂ ಸಿಕ್ಕಿದೆ. ತೋಟದಲ್ಲಿ ಗೊನೆ ಅಪರೂಪವಾದಷ್ಟೂ ಸ್ವಾಗತ ಕಮಾನಿನಲ್ಲಿ, ಬೇಕರಿಯ ಬೋರ್ಡಿನಲ್ಲಿ, ಶಾಲೆಯ ಗೋಡೆಯಲ್ಲಿ ಅದು ಸೊಂಪಾಗುತ್ತ ಬಂತು. ಗೋಡೆಯ ಮೇಲಿನ ರಸಬಾಳೆಗೆ ಯಾವ ರೋಗವೂ ಇಲ್ಲ, ರುಚಿಯೂ ಇಲ್ಲ.

ಮೆಕ್ಸಿಕೊದಲ್ಲೂ ಇದೇ. ಉಳುವವನಿಗೆ ಭೂಮಿ ಬೇಕೆಂದು ಕಾದಾಡಿದ ಜಪಾಟಾನನ್ನು 1919ರಲ್ಲಿ ಹೊಂಚು ಹಾಕಿ ಕೊಂದರು. ಕೊಲ್ಲಿಸಿದವರೂ ಕ್ರಾಂತಿಯ ಪಾಳೆಯದವರೇ. ಹತ್ತು ವರ್ಷ ಕಳೆದ ಮೇಲೆ ರಿವೇರಾ ಅವನನ್ನು ಬಿಳಿ ಕುದುರೆಯ ಲಗಾಮು ಹಿಡಿಸಿ ಕುಯರ್ನವಾಕಾದ ಗೋಡೆಯ ಮೇಲೆ ನಿಲ್ಲಿಸಿದ. ಗೋಡೆಯ ಮೇಲಿನ ಜಪಾಟಾ ಭೂಮಿ ಕೇಳುವುದಿಲ್ಲ.

ಬರೆದದ್ದಾದರೂ ನಿಲ್ಲುತ್ತದೆಯೆ? ಶ್ರೀರಂಗಪಟ್ಟಣದ ದರಿಯಾ ದೌಲತ್ತಿಗೆ ಹೋಗಿ ನೋಡಿ. ಆನೆಯ ಕಣ್ಣು ವಾಸಿಮಾಡಿದನೆಂದು ನಂಜುಂಡನನ್ನು ಹಕೀಮ ಎಂದು ಕರೆದು, ಪಚ್ಚೆಯ ಲಿಂಗ ಅರ್ಪಿಸಿದನೆಂದು ಪ್ರತೀತಿ ಇರುವ ಟಿಪ್ಪು 1784ರಲ್ಲಿ ಕಟ್ಟಿಸಿದ್ದು ಅದು. ಪಡುವಣ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧ. ಸೋತ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿದ್ದಾನೆ, ಮದ್ದಿನ ಗಾಡಿ ಸಿಡಿಯುತ್ತಿದೆ. ಈ ಚಿತ್ರಕ್ಕೆ ಒಮ್ಮೆ ಸುಣ್ಣ ಬಳಿದರು. ಟಿಪ್ಪು ಸತ್ತ ಮೇಲೆ ಅಲ್ಲೇ ಬಿಡಾರ ಹೂಡಿದ ವೆಲ್ಲೆಸ್ಲಿ ಮತ್ತೆ ಬರೆಸಿದ. 1850ರ ದಶಕದಲ್ಲಿ ಡಾಲ್‌ಹೌಸಿ ಇನ್ನೊಮ್ಮೆ ಬರೆಸಿದ. ತಾವು ಸೋತ ಚಿತ್ರಕ್ಕೆ ತಾವೇ ದುಡ್ಡು ಕೊಟ್ಟು ಬಣ್ಣ ಹಾಕಿಸುವಷ್ಟು ಧೈರ್ಯ ಕೊನೆಗೆ ಗೆದ್ದವರಿಗೆ ಮಾತ್ರ ಬರುತ್ತದೆ. ಅಮೆರಿಕದ ರಾಕ್‌ಫೆಲ್ಲರಿಗೆ ಆ ಧೈರ್ಯ ಇರಲಿಲ್ಲ. ತನ್ನ ಕಟ್ಟಡದಲ್ಲಿ ರಿವೇರಾ ಲೆನಿನ್ನನ ಮುಖ ಬರೆದದ್ದು ಕಂಡು 1933ರಲ್ಲಿ ಕೆಲಸ ನಿಲ್ಲಿಸಿ, ಮುಂದಿನ ವರ್ಷ ಗೋಡೆಯ ಗಾರೆಯನ್ನೇ ಕೆತ್ತಿ ಹಾಕಿಸಿದ. ರಿವೇರಾ ಊರಿಗೆ ಮರಳಿ ಅದೇ ಚಿತ್ರವನ್ನು ಮತ್ತೆ ಬರೆದ. ಸಿಟ್ಟಿಗೆ ರಾಕ್‌ಫೆಲ್ಲರನ ಅಪ್ಪನನ್ನೂ ಅದರೊಳಗೆ ಸೇರಿಸಿದ, ಕೈಯಲ್ಲಿ ಮದ್ಯದ ಲೋಟ ಸಮೇತ.

ಅಳಿಸಲಿಕ್ಕೆಂದೇ ಚಿತ್ರ ಬರೆಯುವುದೂ ನಂಜನಗೂಡಿನಲ್ಲಿದೆ. ಧನುರ್ಮಾಸದ ಅಂಧಕಾಸುರ ಸಂಹಾರದ ದಿನ ರಾಕ್ಷಸನನ್ನು ಬಣ್ಣದ ಪುಡಿಯಲ್ಲಿ ನೆಲದ ಮೇಲೆ ಬರೆಯುತ್ತಾರೆ. ಉತ್ಸವಮೂರ್ತಿ ಹೊತ್ತವರು ಅದನ್ನು ತುಳಿದು ಅಳಿಸಬೇಕು. 2023ರ ಡಿಸೆಂಬರಿನಲ್ಲಿ ಇದೇ ಜಗಳವಾಯಿತು. ನೆಲದ ಮೇಲಿರುವುದು ಅಂಧಕಾಸುರನಲ್ಲ, ಮಹಿಷ. ಆತ ನಮ್ಮವನು, ತುಳಿಯಬೇಡಿ ಎಂದು ಒಂದು ಗುಂಪು ಅಡ್ಡ ಬಂತು. ಇದು ಅಂಧಕಾಸುರನೇ, ಹಿಂದಿನಿಂದ ನಡೆದು ಬಂದದ್ದು ಎಂದು ಇನ್ನೊಂದು ಗುಂಪು. ನೀರೆರಚಾಟ, ಪೊಲೀಸು, ಕೇಸು. ಮೈಸೂರಿಗೆ ಹೆಸರು ಕೊಟ್ಟವನು ಮಹಿಷನಾದ್ದರಿಂದ ಈ ವ್ಯಾಜ್ಯ ರಂಗೋಲಿಯಷ್ಟು ಬೇಗ ಅಳಿಸುವುದಲ್ಲ. ಒಂದು ಚಿತ್ರ ಯಾರದೆಂದು ಜನ ರಸ್ತೆಗಿಳಿದು ಕೇಳುವುದು ನನಗೇನೋ ಒಳ್ಳೆಯ ಲಕ್ಷಣವೆಂದೇ ಕಾಣುತ್ತದೆ, ನೀರೆರಚುವುದು ಬಿಟ್ಟು. 1924ರಲ್ಲಿ ಮೆಕ್ಸಿಕೊದ ಕಾಲೇಜು ಹುಡುಗರು ಒರೋಜ್ಕೊನ ಚಿತ್ರಗಳನ್ನು ಕೆಡಿಸಿದ್ದು ಕೂಡ ಸಿಟ್ಟಿನಿಂದಲೇ.

ಇನ್ನು ತಿ. ನರಸೀಪುರದ ಕಡೆಯದು. ಆ ತಾಲ್ಲೂಕಿನ ಸೋಮನಾಥಪುರದಲ್ಲಿ ಹೊಯ್ಸಳರ ಮುಮ್ಮಡಿ ನರಸಿಂಹನ ದಂಡನಾಯಕ ಸೋಮನಾಥ ಹದಿಮೂರನೇ ಶತಮಾನದಲ್ಲಿ ಕಟ್ಟಿಸಿದ ಕೇಶವ ಗುಡಿಯಿದೆ. ಮೂರ್ತಿಗಳ ಪೀಠದಲ್ಲಿ ಮಲ್ಲಿತಮ್ಮ, ಚೌಡೆಯ, ಚಾಮೆಯ ಎಂದು ಕೆತ್ತಿದವರ ಹೆಸರು. ಮಲ್ಲಿತಮ್ಮನ ಹೆಸರು ಎಷ್ಟು ಕಡೆ ಇದೆಯೆಂದರೆ, ಮೊಬೈಲ್ ಇದ್ದಿದ್ದರೆ ನಂಬರನ್ನೂ ಕೆತ್ತಿರುತ್ತಿದ್ದ. ಈ ಗುಡಿಯ ಮೇಲೆ ಕುವೆಂಪು ಒಂದು ಪದ್ಯ ಬರೆದರು. ಬಾಗಿಲಲ್ಲಿ ನಿಂತ ಯಾತ್ರಿಕನನ್ನು ನಮಸ್ಕರಿಸಿ ಬರಲು ಕರೆಯುವ ಅದರ ಮಾತು ಗುಡಿ ಬಿಟ್ಟು ಹೊರಟು, ವೇಷ ಬದಲಿಸಿಕೊಂಡು, ನಾಡಿನ ಶಾಲೆಗಳ ಬಾಗಿಲ ಮೇಲೆ ಹೋಗಿ ಕೂತಿತು: ಇದು ಜ್ಞಾನದ ಗುಡಿ, ಕೈ ಜೋಡಿಸಿ ಬನ್ನಿ ಎಂಬ ಅರ್ಥದಲ್ಲಿ. 2024ರ ಫೆಬ್ರವರಿಯಲ್ಲಿ ಸಮಾಜ ಕಲ್ಯಾಣ ಇಲಾಖೆಯ ವಸತಿ ಶಾಲೆಗಳಲ್ಲಿ ಆ ಸಾಲಿನ ಬಾಲ ಬದಲಾಯಿತು. ಕೈ ಜೋಡಿಸುವ ಬದಲು ಧೈರ್ಯವಾಗಿ ಪ್ರಶ್ನೆ ಕೇಳಬೇಕು ಎಂದಾಯಿತು. ವಿಧಾನಸಭೆಯಲ್ಲಿ, ಟಿವಿಯಲ್ಲಿ, ಕಾಫಿ ಕ್ಲಬ್ಬುಗಳಲ್ಲಿ ಗದ್ದಲ. ಆ ಇಲಾಖೆಯ ಮಂತ್ರಿ ಎಚ್.ಸಿ. ಮಹದೇವಪ್ಪನವರು ಗೆದ್ದು ಬಂದದ್ದು ತಿ. ನರಸೀಪುರದಿಂದ! ಆ ಸಾಲು ಹುಟ್ಟಿದ್ದೂ ಇದೇ ತಾಲ್ಲೂಕಿನ ಗುಡಿಯಲ್ಲಿ, ತಿದ್ದುಪಡಿಯಾದದ್ದೂ ಇದೇ ತಾಲ್ಲೂಕಿನವರ ಕಾಲದಲ್ಲಿ. ನನ್ನ ಮತ ಕೇಳಿದರೆ ಎರಡೂ ಇರಲಿ ಎನ್ನುತ್ತೇನೆ. ಕುವೆಂಪು ಅವರನ್ನು ಓದಿದವರು ಪ್ರಶ್ನೆ ಕೇಳದೆ ಇರಲಾರರು. ರಿವೇರಾನೂ ಇಂಥ ಒಂದು ಸಾಲಿಗಾಗಿ ಒದ್ದಾಡಿದವನೇ. 1947ರಲ್ಲಿ ಮುಗಿಸಿದ ಒಂದು ಹೋಟೆಲಿನ ಚಿತ್ರದಲ್ಲಿ, ಒಬ್ಬನ ಕೈಯ ಕಾಗದದಲ್ಲಿ, ದೇವರಿಲ್ಲ ಎಂಬ ಮಾತು ಬರೆದಿದ್ದ. ಹೋಟೆಲಿಗೆ ಆಶೀರ್ವಾದ ಮಾಡಲು ಬಿಷಪ್ಪರು ಒಪ್ಪಲಿಲ್ಲ. ಚಿತ್ರಕ್ಕೆ ವರ್ಷಗಟ್ಟಲೆ ಪರದೆ ಬಿತ್ತು. 1956ರಲ್ಲಿ ರಿವೇರಾ ತಾನೇ ಏಣಿ ಹತ್ತಿ ಆ ಮಾತನ್ನು ಅಳಿಸಿದ.

ನನ್ನ ಸಿದ್ಧಾಂತಕ್ಕೆ ಏಟು ಬೀಳುವುದು ಊರಿನ ಇನ್ನೊಂದು ಕೊನೆಯಲ್ಲಿ. ಕೇರಿಯ ಸಮುದಾಯ ಭವನದ ಗೋಡೆಯಲ್ಲಿ ನೀಲಿ ಕೋಟು ತೊಟ್ಟು, ಸಂವಿಧಾನ ಹಿಡಿದು, ಬೆರಳೆತ್ತಿ ನಿಂತ ಅಂಬೇಡ್ಕರ್ ಕೈಯಿಂದ ಜಾರಿಹೋದದ್ದರ ನೆನಪಲ್ಲ, ಕೈಗೆ ಬರಬೇಕಾದ್ದರ ಪತ್ರ. ಶಾಲೆಯ ಗೋಡೆಯಲ್ಲಿ ಕುವೆಂಪು ಮುಖ ತಪ್ಪಬಹುದು, ಇಲ್ಲಿ ಅಂಬೇಡ್ಕರರ ಮುಖ ತಪ್ಪುವುದಿಲ್ಲ. ಪೈಂಟರು ಏಣಿಯ ಮೇಲಿರುವಾಗಲೇ ಕೆಳಗೆ ನಿಂತ ಹುಡುಗರು ಕನ್ನಡಕದ ದುಂಡು ತಿದ್ದಿಸುತ್ತಾರೆ. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಅದೇ ತಿಂಗಳು ಮೈಸೂರಿನಲ್ಲಿ ಆಗಿನ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದದ್ದು. ನಾಡಿಗೆ ಹೆಸರಿಟ್ಟ ತಿಂಗಳಲ್ಲೇ, ಈ ನಾಡು ಯಾರದು ಎಂಬ ಪ್ರಶ್ನೆಯೂ ಬಂದು ಕೂತಿತು. ಅದರ ಹಿಂದೆಯೇ ದಲಿತ ಚಳವಳಿ, ನಂಜನಗೂಡು ತಾಲ್ಲೂಕಿನ ದೇವನೂರಿನಿಂದ ಬಂದ ಮಹಾದೇವ ಅವರ ಕತೆಗಳು. ಕ್ರಾಂತಿ ಎಂದು ನಮ್ಮಲ್ಲಿ ನಡೆದದ್ದು ಏನಾದರೂ ಇದ್ದರೆ ಅದು ಇದೇ, ಕಂತಿನಲ್ಲಿ ನಡೆಯುತ್ತಿದೆ. ಆದ್ದರಿಂದ ಸಿದ್ಧಾಂತವನ್ನು ತಿದ್ದಿಕೊಂಡಿದ್ದೇನೆ: ಕಳೆದುಕೊಂಡವರಿಗೂ ಗೋಡೆ ಬೇಕು, ಬರುತ್ತಿರುವವರಿಗೂ ಬೇಕು. ನಡುವೆ ಕಾಲು ಚಾಚಿ ಕೂತವರಿಗೆ ಕಾಂಪೌಂಡ್ ಸಾಕು, ಮೇಲೆ ಗಾಜಿನ ಚೂರು ನೆಟ್ಟು.

ಮತ್ತೆ ಶಾಲೆಯ ಗೋಡೆ. ತಿ. ನರಸೀಪುರ ಪಟ್ಟಣಕ್ಕೆ ರೈಲಿಲ್ಲ. ನಂಜನಗೂಡಿಗೆ ಹತ್ತೊಂಬತ್ತನೇ ಶತಮಾನದಲ್ಲೇ ಬಂದ ರೈಲು ಆಮೇಲೆ ಚಾಮರಾಜನಗರದ ಕಡೆ ತಿರುಗಿತೇ ಹೊರತು ನರಸೀಪುರದ ದಾರಿ ಹಿಡಿಯಲಿಲ್ಲ. ಆ ಕೊರತೆಯನ್ನು ನೀಗಿಸಲೋ ಎಂಬಂತೆ ಅತ್ತ ಕಡೆಯ ಊರೊಂದರ ಶಾಲೆಗೆ ರೈಲಿನ ಬಣ್ಣ ಹೊಡೆದಿದ್ದಾರೆ. ಕೊಠಡಿಗಳೆಲ್ಲ ನೀಲಿ ಬೋಗಿಗಳು, ಹೆಡ್‌ಮಾಸ್ಟರ ಕೋಣೆ ಎಂಜಿನ್ನು. ಮಕ್ಕಳು ಬೆಳಗ್ಗೆ ಹತ್ತುತ್ತಾರೆ, ಸಂಜೆ ಅಲ್ಲೇ ಇಳಿಯುತ್ತಾರೆ. ರೈಲಿನ ಕೊನೆಯಲ್ಲಿ ಒಂದು ಖಾಲಿ ಗೋಡೆ ಮಿಕ್ಕಿತ್ತು. ಅಲ್ಲಿ ಏನು ಬರೆಸಬೇಕೆಂದು ಎಸ್‌ಡಿಎಂಸಿ ಸಭೆ. ಒಬ್ಬರು ಗುಂಜಾ ನರಸಿಂಹಸ್ವಾಮಿ ಎಂದರು. ಇನ್ನೊಬ್ಬರು ಅಪ್ಪು ಎಂದರು. 2021ರ ಅಕ್ಟೋಬರಿನಿಂದ ಈಚೆಗೆ ಪುನೀತ್ ಇಲ್ಲದ ಗೋಡೆಯೇ ಇಲ್ಲವಲ್ಲ. ಟೀಚರು ಮೊದಲು ಶೌಚಾಲಯದ ಬಾಗಿಲು ಆಗಲಿ ಎಂದರು, ಅದನ್ನು ಮುಂದಿನ ಸಭೆಗೆ ಇಟ್ಟರು. ಕೊನೆಗೆ ಕರ್ನಾಟಕದ ನಕ್ಷೆ ಎಂದು ತೀರ್ಮಾನವಾಯಿತು. ಪೈಂಟರು ಅಳತೆ ಪಟ್ಟಿ ಎಳೆದು, “ನಕ್ಷೆ ಆದ್ರೆ ಜಿಲ್ಲೆಗೊಂದು ಬಣ್ಣ ಆಯ್ತದೆ ಸಾ, ಚದರಡಿ ರೇಟು ಬ್ಯಾರೆ” ಎಂದರು.

ದುಡ್ಡು ಕೊಟ್ಟ ದಾನಿಗಳ ಹೆಸರು ಬರೆಯದೆ ಬಿಡುವ ಹಾಗಿಲ್ಲ. ಹೆಸರುಗಳಿಗೆ ನಡುಗೋಡೆಯೇ ಬೇಕಾಯಿತು. ನಕ್ಷೆ ಪಕ್ಕಕ್ಕೆ ಸರಿದು, ಅಗಲ ಕಡಿಮೆಯಾಗಿ, ಉದ್ದಕ್ಕೆ ಬೆಳೆಯಿತು. ಬೀದರ್ ಹೋಗಿ ಸೂರಿನ ಹೆಂಚಿನ ಕೆಳಗೆ ಸೇರಿಕೊಂಡಿತು. ಕಲಬುರಗಿಯ ಮೇಲೆ ಜೇಡರ ಬಲೆ. ಕೆಳಗಡೆ ಚಾಮರಾಜನಗರ ನೆಲಕ್ಕೆ ತಾಗಿದೆ, ಅದರ ಪಕ್ಕ ಮೇಲೆ ಮೈಸೂರು. ಜೋರು ಮಳೆ ಬಂದರೆ ಕೆಸರು ಸಿಡಿದು ಮೊದಲು ಮುಚ್ಚುವುದು ನಮ್ಮ ಎರಡು ಜಿಲ್ಲೆಗಳನ್ನೇ. ರಾಜ್ಯೋತ್ಸವದ ಹಿಂದಿನ ಸಂಜೆ ದೊಡ್ಡ ಹುಡುಗರು ಒದ್ದೆ ಬಟ್ಟೆ ಹಿಡಿದು ಕಾವೇರಿ, ಕಪಿಲೆಗಳನ್ನು ಒರೆಸಿ ಹೊಳಪು ಮಾಡುತ್ತಾರೆ. ಬೀದರಿಗೆ ಏಣಿ ಬೇಕು. ಏಣಿ ಪಂಚಾಯಿತಿ ಆಫೀಸಿನಲ್ಲಿದೆ. ಆಫೀಸಿನ ಬೀಗದ ಕೈ ಬಿಲ್ ಕಲೆಕ್ಟರ ಹತ್ತಿರ, ಬಿಲ್ ಕಲೆಕ್ಟರು ನರ್ಸೀಪುರಕ್ಕೆ ಹೋಗಿದ್ದಾರೆ, ಬಾವುಟ ತರಲಿಕ್ಕೆ.